ಟರ್ಬೊ ಹೋಗೈತ್ರಿ

ಫಕ್ಕೀರಪ್ಪನ ಗಾಡಿಯನ್ನು ಅಂದಾನಪ್ಪ ಒಂದು ಸಲವೂ ಓಡಿಸಿರಲಿಲ್ಲ. ಅದರ ಎಂಜಿನ್ನನ್ನು ತನ್ನಷ್ಟು ಬಲ್ಲವರು ಗದಗ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಫಕ್ಕೀರಪ್ಪನಿಗೂ ಗೊತ್ತಿತ್ತು. ಆದರೂ ಅಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ಅವನು ಕೀಲಿಕೈ ಚಾಚಿ, "ಮಾಸ್ತರ, ಇವತ್ತ ನೀವ ಓಡಸ್ರಿ" ಎಂದದ್ದಿಲ್ಲ.

ಅಂದಾನಪ್ಪ ಗದಗದ ತರಬೇತಿ ಶಾಲೆಯೊಂದರಲ್ಲಿ ಮೋಟಾರು ಮೆಕ್ಯಾನಿಕ್ ವಿಭಾಗದ ಮಾಸ್ತರನಾಗಿ ನಿವೃತ್ತನಾದವನು. ಬೆಟಗೇರಿಯಲ್ಲಿ ಸ್ವಂತ ಮನೆ, ಹೆಂಡತಿ ಶೇಖವ್ವ, ಒಂದು ಹಳೆಯ ಸ್ಕೂಟರು. ಫಕ್ಕೀರಪ್ಪ ಶಿರಹಟ್ಟಿಯಲ್ಲಿ ಹುಟ್ಟಿ ಲಕ್ಷ್ಮೇಶ್ವರದಲ್ಲಿ ಮೆಣಸಿನಕಾಯಿ ವ್ಯಾಪಾರದಿಂದ ಮೇಲೆ ಬಂದವನು. ಪರದೇಶದ ಕಂಪನಿಯ ಆ ದೊಡ್ಡ ಎಸ್‌ಯುವಿಯನ್ನು ಅವನು ತಂದಾಗ ಓಣಿಯೆಲ್ಲ ನೋಡಲು ಬಂದಿತ್ತು. ಆರು ಸಿಲಿಂಡರು, ಟರ್ಬೊ ಡೀಸೆಲ್, ಕಡು ಹಸಿರು ಬಣ್ಣ. ಗ್ಯಾರಂಟಿಯ ಅವಧಿ ಮುಗಿಯುತ್ತ ಬಂದಂತೆ, ನೋಡಲು ಬಂದಿದ್ದವರೇ ಹೆದರಿಸತೊಡಗಿದರು. ಇಂಥ ಗಾಡಿಗಳ ಟರ್ಬೊ ಬಹಳ ವರ್ಷ ಬಾಳುವುದಿಲ್ಲ, ಅದು ಹೋಗುವಾಗ ಎಂಜಿನ್ನನ್ನೂ ತಿಂದು ಹೋಗುತ್ತದೆ, ಈಗಲೇ ಮಾರಿ ಕೈತೊಳೆದುಕೋ ಎಂದರು. ಫಕ್ಕೀರಪ್ಪ ಯಾರಿಂದಲೋ ಹೆಸರು ಕೇಳಿ ಅಂದಾನಪ್ಪನ ಮನೆ ಹುಡುಕಿಕೊಂಡು ಬಂದ.

"ಟರ್ಬೊ ತಾನಾಗೇ ಸಾಯಂಗಿಲ್ರಿ," ಎಂದಿದ್ದ ಅಂದಾನಪ್ಪ. "ಅದನ್ನ ನಾವ ಕೊಲ್ಲತೇವಿ."

ಎಂಜಿನ್ನಿನ ಬಿಸಿ ಹೊಗೆಗೆ ಗಿರಗಿರ ತಿರುಗುವ ಆ ಪುಟ್ಟ ಚಕ್ರವನ್ನು ಹಿಡಿದಿಟ್ಟಿರುವುದು ಎಣ್ಣೆಯ ಒಂದು ತೆಳು ಪದರ ಮಾತ್ರ ಎಂದು ಅವನು ಕಾಗದದ ಮೇಲೆ ಬರೆದು ತೋರಿಸಿದ. ಕಂಪನಿಯವರು ಹೇಳುವ ಅವಧಿಯ ಅರ್ಧಕ್ಕೇ ಎಣ್ಣೆ ಬದಲಿಸಬೇಕು. ಚಾಲೂ ಮಾಡಿದ ಕೂಡಲೇ ಒತ್ತಬಾರದು. ದೂರ ಓಡಿ ಬಂದ ಮೇಲೆ ತಟ್ಟನೆ ಬಂದ್ ಮಾಡಬಾರದು, ತುಸು ಹೊತ್ತು ಹಾಗೇ ಗುರುಗುಡಲು ಬಿಟ್ಟು ಟರ್ಬೊ ತಣಿಯಲು ಕೊಡಬೇಕು. ಧೂಳೆಬ್ಬಿಸುವ ಎರೆ ಮಣ್ಣಿನ ಈ ಸೀಮೆಯಲ್ಲಿ ಗಾಳಿಯ ಫಿಲ್ಟರನ್ನು ಮರೆತರೆ ಮುಗಿಯಿತು. ಫಕ್ಕೀರಪ್ಪ ಇದನ್ನೆಲ್ಲ ವ್ರತದಂತೆ ಪಾಲಿಸಿದ. ಅದೇ ಕಂಪನಿಯ ಗಾಡಿ ಕೊಂಡಿದ್ದ ಹುಬ್ಬಳ್ಳಿಯ ಸಾಹುಕಾರರು ಟರ್ಬೊ ಬದಲಿಸಿ, ಎಂಜಿನ್ ಬಿಚ್ಚಿಸಿ, ಬೇಸತ್ತು ಮಾರಿದರು. ಫಕ್ಕೀರಪ್ಪನ ಗಾಡಿ ಮಾತ್ರ ಭೂಮಿಯನ್ನು ಎಷ್ಟೋ ಸುತ್ತು ಸುತ್ತುವಷ್ಟು ಓಡಿ, ಇನ್ನೂ ಹೊಸದರ ಹಾಗೆ ಉಸಿರಾಡುತ್ತಿತ್ತು. ಅದು ಫಕ್ಕೀರಪ್ಪನ ಕೈಗುಣ ಎಂದು ಜನ ಹೇಳುತ್ತಿದ್ದರು. ಫಕ್ಕೀರಪ್ಪ ನಗುತ್ತ ಒಪ್ಪಿಕೊಳ್ಳುತ್ತಿದ್ದ.

ರವಿವಾರ ಅವನು ಬೆಟಗೇರಿಗೆ ಬರುತ್ತಿದ್ದ. ಅಂದಾನಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಂಡರಗಿ ರಸ್ತೆಗೆ ಹೋಗುತ್ತಿದ್ದ. "ದನಿ ಕೇಳ್ರಿ ಮಾಸ್ತರ, ಏನರ ಫರಕ ಐತೇನು?" ಎನ್ನುತ್ತಿದ್ದ. ಅಂದಾನಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಕೈಗಳು ತೊಡೆಯ ಮೇಲೆ ಸುಮ್ಮನೆ ಇರುತ್ತಿದ್ದವು. ಬಾಯಿಬಿಟ್ಟು ಕೇಳಿದ್ದರೆ ಫಕ್ಕೀರಪ್ಪ ಕೊಡುತ್ತಿದ್ದನೋ ಏನೋ. ಕೇಳುವುದು ಅಂದಾನಪ್ಪನಿಂದ ಆಗಲಿಲ್ಲ.

ಕಳೆದ ಮಳೆಗಾಲದಲ್ಲಿ ಫಕ್ಕೀರಪ್ಪ ಅಂಗಡಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಗಾಡಿ ಲಕ್ಷ್ಮೇಶ್ವರದ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಂತಿತು. ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಬೆಟಗೇರಿಯ ಸೀರೆ ವ್ಯಾಪಾರಿ ಕುತುಬುದ್ದೀನ, ಅಂದಾನಪ್ಪನ ಹಳೆಯ ಗೆಳೆಯ, ಚಹಾದಂಗಡಿಯಲ್ಲಿ ಸುದ್ದಿ ಹೇಳಿದ.

"ಮಾಸ್ತರ, ಫಕ್ಕೀರಪ್ಪನವರ ಹೆಂಡತಿ ಕಸ್ತೂರೆವ್ವ ಅವರು ಗಾಡಿ ಮಾರತಾರಂತ. ನಾ ತಗೋಬೇಕಂತೇನಿ. ನಮ್ಮ ಮನಿಯಾಕಿ ಖಾತುನಬಿ ಬೆನ್ನು ನಿಮಗ ಗೊತ್ತೇ ಐತಿ. ಹುಬ್ಬಳ್ಳಿ ದವಾಖಾನಿಗೆ ಹೋಗಿಬರೂದ್ರಾಗ ಅರ್ಧ ಜೀವ ಆಗ್ತಾಳ. ಆ ಗಾಡ್ಯಾಗ ಮಲಗಸ್ಕೊಂಡ ಹೋಗಬಹುದು. ಕಸ್ತೂರೆವ್ವ ಒಂದ ಮಾತ ಅಂದ್ರು, ಅಂದಾನಪ್ಪಣ್ಣಾರು ನೋಡಿ ಹೂಂ ಅಂದ್ರ ಕೊಡ್ತೇನಿ ಅಂತ. ನಾನೂ ಹಂಗ ಅಂದೇನಿ."

ಚಹಾ ಆರಿತು. ಮಾರುವವಳು ತನ್ನನ್ನು ನಂಬಿದ್ದಳು, ಕೊಳ್ಳುವವನೂ ನಂಬಿದ್ದ. ಆದರೆ ಆ ಗಾಡಿಯನ್ನು ಬೆಳೆಸಿದ ಈ ಮನುಷ್ಯನಿಗೂ ಅದು ಬೇಕಾಗಿರಬಹುದು ಎಂಬ ಯೋಚನೆ ಇಬ್ಬರಿಗೂ ಬಂದಿರಲಿಲ್ಲ. ತಕ್ಕ ಬೆಲೆ ಕೊಟ್ಟು ಕೊಳ್ಳುವುದು ಪಿಂಚಣಿಯವನ ಕೈಯಲ್ಲಿ ಆಗದ ಮಾತು, ಅದು ಅವನಿಗೂ ಗೊತ್ತಿತ್ತು. ಒಳ್ಳೆಯ ಗಾಡಿಯನ್ನು ಕೊಳ್ಳಲಾಗದು. ಕೆಟ್ಟ ಗಾಡಿಯನ್ನಾದರೆ ಕೊಳ್ಳಬಹುದು.

ಮನೆಗೆ ಹೋಗುವ ದಾರಿಯಲ್ಲೇ ಉಪಾಯ ಪೂರ್ತಿಯಾಗಿತ್ತು. ಅದು ಅಷ್ಟು ಬೇಗ, ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೆ ತುಸು ನಾಚಿಕೆಯಾಯಿತು.

ಉಪಾಯ ಹೀಗಿತ್ತು. ಟರ್ಬೊ ಒತ್ತಿ ಕಳಿಸಿದ ಗಾಳಿ ದಪ್ಪ ರಬ್ಬರು ಪೈಪಿನಲ್ಲಿ ಹಾಯ್ದು ಎಂಜಿನ್ನಿಗೆ ಹೋಗುತ್ತದೆ. ಪೈಪಿನ ಒಂದು ಸಂದಿಯಲ್ಲಿ ಉಕ್ಕಿನ ಕ್ಲಿಪ್ಪು ಇರುತ್ತದೆ. ಅದನ್ನು ಸಡಿಲಿಸಿ, ಪೈಪನ್ನು ಕೂದಲೆಳೆಯಷ್ಟು ಹಿಂದೆ ಸರಿಸಿದರೆ ಸಾಕು. ನಿಂತಲ್ಲಿ ಎಂಜಿನ್ ಚೆನ್ನಾಗಿಯೇ ಇರುತ್ತದೆ. ಏರು ಹತ್ತುವಾಗ ಮಾತ್ರ ಗಾಳಿ ಆ ಸಂದಿಯಿಂದ ಸಿಳ್ಳೆ ಹಾಕುತ್ತ ಹೊರಗೆ ಹೋಗುತ್ತದೆ, ಕರಿ ಹೊಗೆ ಬರುತ್ತದೆ, ದೀಪ ಹತ್ತುತ್ತದೆ, ಗಾಡಿ ತನ್ನ ಶಕ್ತಿಯನ್ನು ತಾನೇ ಅಡಗಿಸಿಕೊಂಡು ತೆವಳುತ್ತದೆ. ಟರ್ಬೊ ಸತ್ತಾಗ ಕಾಣುವ ಲಕ್ಷಣಗಳೂ ಹೆಚ್ಚುಕಡಿಮೆ ಅವೇ. ಏನೂ ಒಡೆಯುವುದಿಲ್ಲ, ಏನೂ ಸವೆಯುವುದಿಲ್ಲ. ಕ್ಲಿಪ್ಪು ಬಿಗಿದರೆ ಎಲ್ಲ ಮೊದಲಿನ ಹಾಗೆ. ಗೆಳೆಯ ಬೇಡವೆನ್ನುತ್ತಾನೆ, ಬೆಲೆ ಬೀಳುತ್ತದೆ, ಮುಂಡರಗಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಸೋದರಳಿಯ ವೀರು ಯಾರೋ ಹೊರಗಿನವನ ಹಾಗೆ ಹೋಗಿ ಕೊಳ್ಳುತ್ತಾನೆ. ಆಮೇಲೆ ಅಳಿಯನಿಂದ ಮಾವ ತೆಗೆದುಕೊಂಡು, ಕೆಟ್ಟ ಗಾಡಿಯನ್ನು ತನ್ನ ಕೈಯಾರೆ ಜೀವಂತ ಮಾಡಿದೆ ಎಂದರೆ ಯಾರೂ ಅನುಮಾನಿಸುವುದಿಲ್ಲ. ಹೊಗಳುತ್ತಾರೆ.

ಇದು ಕಳ್ಳತನವಲ್ಲ ಎಂದು ಅವನು ತನಗೇ ಹೇಳಿಕೊಂಡ. ಗಾಡಿ ಬಂದ ಮೇಲೆ ಖಾತುನಬಿಯನ್ನು ತಾನೇ ಹುಬ್ಬಳ್ಳಿಗೆ ಕರೆದೊಯ್ಯಬಹುದು. ಬೇಕಾದಾಗಲೆಲ್ಲ ಕರೆದೊಯ್ಯಬಹುದು. ಈ ಯೋಚನೆ ಬಂದ ಮೇಲೆ ಊಟ ರುಚಿಸಿತು.

ಶನಿವಾರ ಕಸ್ತೂರೆವ್ವನೇ ಫೋನು ಮಾಡಿದಳು. "ಅಣ್ಣಾರ, ನಾಳೆ ಸಾಬರು ಗಾಡಿ ನೋಡಾಕ ಬರ್ತಾರ. ನಿಂತು ನಿಂತು ಏನಾಗೇತೋ. ಒಂದೀಟ ಮೊದಲ ಬಂದು ಕಣ್ಣಾಡಸ್ತೀರೇನ್ರಿ?" ಎಂದಳು. ಅವಳು ತಾನೇ ಕೇಳಿಕೊಂಡದ್ದರಿಂದ ಕೆಲಸ ಇನ್ನೂ ಹಗುರವಾಯಿತು. ಮಧ್ಯಾಹ್ನದ ಬಸ್ಸಿಗೆ ಅಂದಾನಪ್ಪ ಲಕ್ಷ್ಮೇಶ್ವರಕ್ಕೆ ಹೋದ. ಸ್ಕ್ರೂಡ್ರೈವರು, ಒರೆಸುವ ಬಟ್ಟೆ, ಸಣ್ಣ ಶೀಶೆಯಲ್ಲಿ ಸ್ಕೂಟರಿನ ಹಳೆಯ ಎಣ್ಣೆ ಚೀಲದಲ್ಲಿದ್ದವು.

ಓಣಿಗೆ ತಿರುಗುವಾಗಲೇ ಗೋಡೆಗಳ ಮೇಲೆ ಕಣ್ಣಾಡಿಸಿದ. ಎದುರಿನ ಬೀಜದಂಗಡಿಗೆ ಕ್ಯಾಮೆರಾ ಇತ್ತು, ಅದರ ಮುಖ ರಸ್ತೆಯ ಕಡೆಗಿತ್ತು. ಶೆಡ್ಡು ಮನೆಯ ಹಿಂದೆ, ಸುತ್ತ ಕಲ್ಲಿನ ಗೋಡೆ. ನೆರೆಮನೆಯ ಮಾಳಿಗೆಯಿಂದಲೂ ಕಾಣುವುದಿಲ್ಲ. ಕಸ್ತೂರೆವ್ವನ ಮಗಳು ನೇತ್ರಾ ಗದಗದ ಶಾಲೆಯೊಂದರಲ್ಲಿ ಕಲಿಸುತ್ತಿದ್ದಳು, ಶನಿವಾರವೂ ಮನೆಪಾಠ ಮುಗಿಸಿ ಸಂಜೆಗೇ ಬರುವವಳು. ಕಸ್ತೂರೆವ್ವ ಕೀಲಿಕೈ ಕೊಟ್ಟು, "ನೀವು ನೋಡ್ಕೊಂತಿರ್ರಿ ಅಣ್ಣಾರ, ನಾ ಅವಲಕ್ಕಿ ಹಚ್ಚತೇನಿ" ಎಂದು ಒಳಗೆ ಹೋದಳು.

ಮೊದಲು ಎಂಜಿನ್ ಚಾಲೂ ಮಾಡಿ ಕೇಳಿದ. ಅಷ್ಟು ತಿಂಗಳು ನಿಂತಿದ್ದರೂ ಅದು ಒಂದೇ ಸಲಕ್ಕೆ ಎದ್ದಿತು. ತುಸು ಕೆಮ್ಮಿ, ನಿಧಾನವಾಗಿ ಸಮವಾಯಿತು. ಅಂದಾನಪ್ಪನ ಕಣ್ಣು ತೇವವಾಯಿತು. ಇಂಥದ್ದನ್ನು ಸೀರೆ ಮಾರುವವನಿಗೆ ಕೊಡುವುದೆಂದರೇನು? ಬಂದ್ ಮಾಡಿ ಬಾನೆಟ್ ಎತ್ತಿದ. ಕೆಲಸ ಬಹಳ ಹೊತ್ತು ಹಿಡಿಯಲಿಲ್ಲ. ಕ್ಲಿಪ್ಪಿನ ತಿರುಪಿನ ಮೇಲೆ ಗೀರು ಬೀಳದಂತೆ ಬಟ್ಟೆ ಸುತ್ತಿ ತಿರುಗಿಸಿದ. ಪೈಪು ಸರಿಸಿದ. ಸಂದಿಯ ಸುತ್ತ ಬೆರಳಿನಿಂದ ಹಳೆಯ ಎಣ್ಣೆ ಸವರಿದ, ಟರ್ಬೊ ಎಣ್ಣೆ ಕಾರುತ್ತಿದೆ ಎಂದು ತೋರುವಷ್ಟು. ಕೈಯ ಗುರುತು ಬಿದ್ದಲ್ಲಿ ನೆಲದ ಧೂಳು ತೆಗೆದು ಉದುರಿಸಿದ. ಯಾರಾದರೂ ನೋಡಿದರೆ ತಾನಾಗಿಯೇ ಸಡಿಲಾದಂತೆ ಕಾಣಬೇಕು. ಹಾಗೆಯೇ ಕಂಡಿತು.

ಆಮೇಲೆ ಗಾಡಿಯೊಳಗೆ ಕೂತು ಬಾಗಿಲು ಹಾಕಿಕೊಂಡ. ವೀರುವಿಗೆ ಫೋನು ಮಾಡಿ ಹೇಳಬೇಕಿತ್ತು. ಬಸ್ಸಿನಲ್ಲಿ ಆಡುವ ಮಾತಲ್ಲ, ಮನೆಯಲ್ಲಿ ಶೇಖವ್ವನ ಕಿವಿ ಚುರುಕು. ಇದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ದಪ್ಪ ಗಾಜು, ಹೊರಗೆ ಕಲ್ಲಿನ ಗೋಡೆ. ಎಂಜಿನ್ ಚಾಲೂ ಮಾಡಿ ತಂಪು ಗಾಳಿ ಬಿಟ್ಟುಕೊಂಡ, ಅಡುಗೆಮನೆಯ ತನಕ ಮಾತಿನ ಒಂದು ಚೂರೂ ಹೋಗದಿರಲಿ ಎಂದು.

"ವೀರು, ಕೆಲಸ ಆತು. ಪೈಪ್ ಸಡ್ಲ ಮಾಡೇನಿ. ನಾಳೆ ಏರಿನ್ಯಾಗ ಸೀಟಿ ಹೊಡಿತೈತಿ ನೋಡು."

"ಯಾರಿಗರ ಸಂಶೆ ಬಂದ್ರ, ಮಾಮಾ?"

"ಯಾರಿಗ ಬರತೈತಿ? ಕುತುಬಸಾಬ ನಾ ಹೇಳಿದ್ದನ್ನ ಕಣ್ಣಮುಚ್ಚಿ ನಂಬತಾನ. ಆ ಹೆಣ್ಣಮಗಳಿಗಂತೂ ಏನೂ ತಿಳಿಯಂಗಿಲ್ಲ. ಎಂಜಿನ್ ಬಂಗಾರ ಐತಿ ಲೇ, ಬಂಗಾರ. ಟರ್ಬೊ ಹೋಗೈತಿ ಅಂತ ನಾ ಒಮ್ಮೆ ಅಂದ್ರ ಸಾಕು, ಗುಜರಿ ಬೆಲೆಗೆ ಕೊಡ್ತಾಳ. ಎಂಟು ದಿನ ಬಿಟ್ಟು ನೀ ಹೋಗು. ನನ್ನ ಹೆಸರ ಎತ್ತಬ್ಯಾಡ."

ಎಂಜಿನ್ ಬಂದ್ ಮಾಡಿ ಇಳಿದಾಗ ಕಸ್ತೂರೆವ್ವ ಅವಲಕ್ಕಿಯ ತಾಟು ಹಿಡಿದು ಹಿತ್ತಲ ಬಾಗಿಲಲ್ಲಿ ಬಂದಳು. ಮೇಲೆ ಹುರಿದ ಶೇಂಗಾ, ಕೊಬ್ಬರಿ ಉದುರಿಸಿದ್ದಳು. "ಹೆಂಗೈತ್ರಿ ಅಣ್ಣಾರ?" ಎಂದಳು.

"ಓಡಿಸಿದಾಗ ಗೊತ್ತಾಕ್ಕೈತಿ ತಂಗಿ," ಎಂದ ಅಂದಾನಪ್ಪ. ತಾಟಿನಿಂದ ಕಣ್ಣೆತ್ತಲಿಲ್ಲ.

ರವಿವಾರ ಕುತುಬುದ್ದೀನ ಖಾತುನಬಿಯನ್ನೂ ಕರೆದುಕೊಂಡು ಬಂದಿದ್ದ. ಅವಳನ್ನು ಹಿಂದಿನ ಸೀಟಿಗೆ ಹತ್ತಿಸಲು ನೇತ್ರಾ ಒಂದು ಕಡೆ, ಕುತುಬುದ್ದೀನ ಒಂದು ಕಡೆ ಹಿಡಿಯಬೇಕಾಯಿತು. ಸೀಟನ್ನು ಹಿಂದಕ್ಕೆ ಬಾಗಿಸಿದಾಗ ಅವಳು ಮೆಲ್ಲಗೆ ಒರಗಿ ಕಣ್ಣು ಮುಚ್ಚಿದಳು. "ಹಾಸಿಗ್ಯಾಗ ಮಲಗಿದಂಗ ಆಕ್ಕೈತ್ರಿ ಭಾಯಿ," ಎಂದಳು ಅಂದಾನಪ್ಪನಿಗೆ. "ಇದರಾಗ ಕೊರ್ಲಹಳ್ಳಿಗೂ ಹೋಗಬಹುದು. ನಮ್ಮಕ್ಕ ರಸೂಲಬೀನ ನೋಡಿ ಭಾಳ ದಿನ ಆತು. ಬಸ್ಸಿನ್ಯಾಗ ಅಲ್ಲೀತನಕ ನನ್ನ ಕಡೆ ಆಗಂಗಿಲ್ಲ."

ಕುತುಬುದ್ದೀನ ಓಡಿಸಿದ. ಅಂದಾನಪ್ಪ ಎಂದಿನಂತೆ ಪಕ್ಕದಲ್ಲಿ ಕೂತ. ಊರು ದಾಟುವ ತನಕ ಗಾಡಿ ನೀರಿನ ಮೇಲೆ ಹೋದ ಹಾಗೆ ಹೋಯಿತು. ಕುತುಬುದ್ದೀನನ ಮುಖದಲ್ಲಿ ಹುಡುಗರ ಖುಷಿ ಇತ್ತು. ಶಿರಹಟ್ಟಿಯ ಆಚೆ ಏರು ಸುರುವಾದಾಗ ಸಿಳ್ಳೆ ಕೇಳಿತು. ಮೊದಲು ಸಣ್ಣಗೆ, ಆಮೇಲೆ ಕಿವಿ ಕೊರೆಯುವಂತೆ. ಹಳದಿ ದೀಪ ಹತ್ತಿತು. ಕುತುಬುದ್ದೀನ ಎಷ್ಟು ಒತ್ತಿದರೂ ಗಾಡಿ ಎಳೆಯಲಿಲ್ಲ. ಹಿಂದೆ ಬರುತ್ತಿದ್ದ ಟ್ರ್ಯಾಕ್ಟರು ದಾಟಿ ಮುಂದೆ ಹೋಯಿತು. ಅದರ ಮೇಲೆ ಕೂತವರು ಹೊಗೆ ನೋಡಿ ನಕ್ಕರು.

"ಸಾಕ್ರಿ, ತಿರುಗಿಸ್ರಿ," ಎಂದ ಅಂದಾನಪ್ಪ. ದನಿಯಲ್ಲಿ ಬೇಸರ ಎಷ್ಟು ಇರಬೇಕೋ ಅಷ್ಟೇ ಇತ್ತು.

ಶೆಡ್ಡಿನ ಮುಂದೆ ಬಾನೆಟ್ ಎತ್ತಿ, ಎಣ್ಣೆ ಹತ್ತಿದ ಬೆರಳು ತೋರಿಸಿದ. "ಟರ್ಬೊ ಹೋಗೈತ್ರಿ. ಎಣ್ಣೀ ಕಾರಾಕತ್ತೈತಿ. ಚೂರು ಒಳಗ ಹೋಗಿದ್ರ ಎಂಜಿನ್ನೂ ಉಳಿಯಂಗಿಲ್ಲ. ಇಂಥಾ ದೊಡ್ಡ ಗಾಡಿ ವಯಸ್ಸಾದ ಮ್ಯಾಲೆ ಹಿಂಗ. ಇದನ್ನ ತಗೋರಿ ಅಂತ ನಿಮಗ ನಾ ಹೇಳಾಂಗಿಲ್ಲ."

ನೇತ್ರಾ ಎಂಜಿನ್ನಿನ ಕಡೆ ಬಗ್ಗಿ ನೋಡುತ್ತಿದ್ದಳು. "ಸರ್, ಅಪ್ಪಾ ಇರೂತನಕ ಚೊಲೋನ ಇತ್ತಲ್ರಿ. ನಿಂತಲ್ಲೇ ಹೆಂಗ ಕೆಡತೈತಿ? ಹುಬ್ಬಳ್ಳಿ ಕಂಪನಿಯವ್ರಿಗೆ ಒಮ್ಮೆ ತೋರಿಸೋಣೇನ್ರಿ?"

"ತೋರಸವಾ," ಎಂದ ಅವನು, ಪಾಠ ಹೇಳುವ ಸಮಾಧಾನದಿಂದ. "ಅವರು ಎಳಕೊಂಡ ಹೋಗ್ತಾರ, ಬಿಚ್ಚತಾರ, ಇಡೀ ಎಂಜಿನ್ ಬದಲ ಮಾಡ್ರಿ ಅಂತಾರ. ಬಿಚ್ಚಿದ ಮ್ಯಾಲೆ ಹಂಗ ತರಾಕೂ ಬರಂಗಿಲ್ಲ."

ಕಸ್ತೂರೆವ್ವ ಗಾಡಿಯ ಬಾಗಿಲ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. "ಅವರು ಕೂಸಿನಂಗ ಜ್ವಾಪಾನ ಮಾಡಿದ್ರು. ನಾನ ನಿಲ್ಲಿಸಿಟ್ಟು ಕೆಡಿಸಿದೆನೇನ್ರಿ ಅಣ್ಣಾರ?" ಎಂದು ಕೇಳಿದಳು.

ಇದಕ್ಕೆ ಉತ್ತರವನ್ನು ಅಂದಾನಪ್ಪ ಸಿದ್ಧಮಾಡಿಕೊಂಡು ಬಂದಿರಲಿಲ್ಲ. ಇಲ್ಲ ಎಂದರೆ ಮತ್ತೆ ಹೇಗೆ ಕೆಟ್ಟಿತು ಎಂಬ ಪ್ರಶ್ನೆ ಏಳುತ್ತಿತ್ತು. "ನಿಲ್ಲಿಸಿದ್ರೂ ಹಂಗ ಆಕ್ಕೈತಿ, ತಂಗಿ," ಎಂದ. ಅವಳು ತಲೆಯಾಡಿಸಿದಳು. ಬಾಗಿಲಿನ ಮೇಲಿಂದ ಕೈ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಆ ತಪ್ಪನ್ನು ಅವಳು ಎಷ್ಟು ಬೇಗ ತನ್ನದೆಂದು ಹೊತ್ತುಕೊಂಡಳೆಂದರೆ, ಅಂದಾನಪ್ಪ ಅವಳ ಮುಖ ನೋಡಲಾಗದೆ ಬಾನೆಟ್ಟನ್ನು ಬೇಕಿದ್ದಕ್ಕಿಂತ ಜೋರಾಗಿ ಮುಚ್ಚಿದ.

ತಿರುಗಿ ಬರುವಾಗ ಬಸ್ಸು ತುಂಬಿತ್ತು. ಯಾರೋ ಎದ್ದು ಖಾತುನಬಿಗೆ ಜಾಗ ಕೊಟ್ಟರು. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಅವಳು ಮುಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದಳು, ಬಾಯಿಂದ ಸದ್ದು ಹೊರಡಿಸುತ್ತಿರಲಿಲ್ಲ. ಗದಗದ ನಿಲ್ದಾಣದಲ್ಲಿ ಇಳಿಸುವಾಗ ಕುತುಬುದ್ದೀನ ಅಂದಾನಪ್ಪನ ಹೆಗಲ ಮೇಲೆ ಕೈ ಹಾಕಿದ.

"ನೀವಿಲ್ಲಂದ್ರ ನಾ ಮುಳಗಿ ಹೋಗತಿದ್ದೆ, ಮಾಸ್ತರ. ಅಲ್ಲಾಹ್ ನಿಮ್ಮನ್ನ ಚೊಲೋ ಇಡ್ಲಿ."

ಆಗ ಹೇಳಿಬಿಡಬಹುದಿತ್ತು. ಬಾಯಿ ತೆರೆದ. "ಖಾತುನಬೀನ ಆಟೋದಾಗ ಕರಕೊಂಡು ಹೋಗ್ರಿ, ನಡಸಬ್ಯಾಡ್ರಿ" ಎಂಬ ಮಾತು ಬಂತು.

ಎರಡು ದಿನ ಬಿಟ್ಟು ಖಾತುನಬಿ ಡಬ್ಬಿ ತುಂಬ ಶಾವಿಗೆಯ ಸಿಹಿ ಮಾಡಿ ಕಳಿಸಿದಳು. ಹಾಲು, ಖರ್ಜೂರ, ಮೇಲೆ ತುಪ್ಪದಲ್ಲಿ ಹುರಿದ ಗೋಡಂಬಿ. "ಅವ್ವಾ, ಆ ಬೆನ್ನು ಇಟ್ಕೊಂಡು ಒಲಿ ಮುಂದ ನಿಂತು ಮಾಡ್ಯಾಳಲ್ರಿ," ಎಂದಳು ಶೇಖವ್ವ, ಬಟ್ಟಲಿಗೆ ಹಾಕಿಕೊಡುತ್ತ. "ಏನ ಮಾಡಿದ್ರಿ ಅವರಿಗೆ ಅಂಥಾದ್ದು?" ಅಂದಾನಪ್ಪ ಒಂದು ಚಮಚ ಬಾಯಿಗಿಟ್ಟುಕೊಂಡು, ಹಲ್ಲುನೋವೆಂದು ಎದ್ದ. ಮುಂದೆ ಕೆಲವು ದಿನ ಚಹಾದಂಗಡಿಯ ಕಡೆ ಹೋಗಲಿಲ್ಲ. ಕುತುಬುದ್ದೀನ ಎದುರಾಗಬಾರದೆಂದು ನೇಕಾರರ ಓಣಿ ಸುತ್ತಿಕೊಂಡು ಹಾಲು ತರುತ್ತಿದ್ದ. ತಾನು ಮಾಡಿದ್ದರಲ್ಲಿ ಒಂದೇ ಒಂದು ಕಡೆಯೂ ತಪ್ಪು ಹೆಜ್ಜೆಯಿಲ್ಲ ಎಂಬುದು ಅವನಿಗೆ ಸ್ಪಷ್ಟವಾಗಿತ್ತು. ಅಷ್ಟು ಸರಿಯಾಗಿ ನಡೆದದ್ದೇ ಎದೆಯಲ್ಲಿ ಭಾರವಾಗಿ ಕೂತಿತ್ತು.

ಹೇಳಿದ ದಿನ ವೀರು ಲಕ್ಷ್ಮೇಶ್ವರಕ್ಕೆ ಹೋದ. ಅವನು ಅಲ್ಲಿ ಕೂತಿರುವಾಗಲೇ ಅಂದಾನಪ್ಪನಿಗೆ ಕಸ್ತೂರೆವ್ವನ ಫೋನು ಬಂತು. ಪಡಸಾಲೆಯಿಂದ ಒಳಗೆ ಬಂದು ಪಿಸುದನಿಯಲ್ಲಿ ಮಾತಾಡುತ್ತಿದ್ದಳು.

"ಅಣ್ಣಾರ, ಮುಂಡರಗಿಯಿಂದ ಒಬ್ಬಾವ ಬಂದಾನ. ಟರ್ಬೊ ಹೋಗೈತಿ, ಎಂಜಿನ್ನೂ ಉಳಿಯಂಗಿಲ್ಲ ಅಂತ ಎಲ್ಲಾ ಬಿಚ್ಚಿ ಹೇಳೇನಿ. ಆದ್ರೂ ತಗೋತೇನಿ ಅಂತಾನ. ಗೊತ್ತಿದ್ದೂ ಗೊತ್ತಿದ್ದೂ ಒಬ್ಬರ ತಲಿಗೆ ಕಟ್ಟೂದು ಪಾಪ ಅಲ್ಲೇನ್ರಿ? ನೀವು ಬ್ಯಾಡ ಅಂದ್ರ ಕಳಿಸಿಬಿಡ್ತೇನಿ."

ಅಂದಾನಪ್ಪ ಅಂಗಳದಲ್ಲಿ ನಿಂತಿದ್ದ. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ದೇವರು ಇನ್ನೊಂದು ಬಾಗಿಲು ತೆರೆದಿಟ್ಟ ಹಾಗಿತ್ತು. ಬೇಡ ಎಂದರೆ ಮುಗಿಯುತ್ತಿತ್ತು. ಕ್ಲಿಪ್ಪು ಸಡಿಲಾಗಿತ್ತು, ಈಗ ಹೊಳೆಯಿತು ಎಂದು ಹೋಗಿ ಬಿಗಿದು ಬಂದರೆ, ಎಲ್ಲರೂ ಅವನನ್ನು ಇನ್ನಷ್ಟು ಹೊಗಳುತ್ತಿದ್ದರು. ಆದರೆ ಕಿವಿಯಲ್ಲಿ ಆ ಎಂಜಿನ್ನಿನ ದನಿ ಇತ್ತು.

"ಕೊಡು ತಂಗಿ," ಎಂದ. "ಅವರು ಬಿಡಿಭಾಗಕ್ಕ ತಗೋತಾರ. ಪಾಪ ಏನೂ ಇಲ್ಲ."

"ನೀವು ಹಂಗಂದ್ರ ಆತ್ರಿ," ಎಂದಳು. ಅವಳು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

ಗಾಡಿಯನ್ನು ಲಾರಿಯ ಮೇಲೆ ಹೇರಿಸಿಕೊಂಡು ವೀರು ಮುಂಡರಗಿಗೆ ತಂದ. ಕೆಟ್ಟ ಗಾಡಿಯನ್ನು ಓಡಿಸಿಕೊಂಡು ಹೋದರೆ ನೋಡಿದವರು ಏನೆಂದಾರು? ಅದೂ ಅಂದಾನಪ್ಪನದೇ ಸೂಚನೆ. ಕಾಗದಪತ್ರಗಳು ವೀರುವಿನ ಹೆಸರಿಗಾದ ಮೇಲೆ, ಒಂದು ದಿನ ಬೆಳಗ್ಗೆ, ಅಳಿಯನ ಮನೆಯಲ್ಲಿ ಕಾರ್ಯವಿದೆಯೆಂದು ಶೇಖವ್ವನಿಗೆ ಸುಳ್ಳು ಹೇಳಿ ಅಂದಾನಪ್ಪ ಮುಂಡರಗಿಗೆ ಹೋದ. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಪೈಪನ್ನು ಸರಿಯಾಗಿ ಕೂರಿಸಿ, ಕ್ಲಿಪ್ಪು ಬಿಗಿದ. ಎಣ್ಣೆ ಒರೆಸಿದ. ಹತ್ತಿದ್ದ ದೀಪ ಆರಿಸಲು ಬೇಕಾದ ಸಣ್ಣ ಯಂತ್ರವನ್ನು ಹಳೆಯ ಶಿಷ್ಯನೊಬ್ಬನಿಂದ ಕೇಳಿ ತಂದಿದ್ದ.

"ಇಷ್ಟ ಏನು ಮಾಮಾ?" ಎಂದು ವೀರು ನಕ್ಕ. "ಪಾಪ, ಆ ಅವ್ವ ಮೂರ ಸಲ ಹೇಳಿದ್ಲು ನಂಗ, ತಗೋಬ್ಯಾಡಪಾ, ಲುಕ್ಸಾನ ಆಕ್ಕೈತಿ ಅಂತ. ನಗು ತಡ್ಕೊಳ್ಳಾಕ ಆಗಲಿಲ್ಲ ನಂಗ."

"ನಗಬ್ಯಾಡ," ಎಂದ ಅಂದಾನಪ್ಪ. ವೀರುವಿನ ಮುಖ ಸಣ್ಣದಾಯಿತು. ಅವನನ್ನು ಅಲ್ಲೇ ಬಿಟ್ಟು ಒಬ್ಬನೇ ಗಾಡಿ ಹತ್ತಿದ.

ಕೊರ್ಲಹಳ್ಳಿಯ ಕಡೆ ತಿರುಗಿಸಿದ. ಯಾಕೆ ಆ ದಾರಿಯೆಂದು ಯೋಚಿಸಿರಲಿಲ್ಲ. ಎಂಜಿನ್ ಬಿಸಿಯಾಗುವ ತನಕ ಮೆಲ್ಲಗೆ ನಡೆಸಿ, ಆಮೇಲೆ ಕಾಲು ಒತ್ತಿದ. ಟರ್ಬೊ ಎದ್ದಿತು. ಬೆನ್ನು ಸೀಟಿಗೆ ಒತ್ತಿಕೊಂಡಿತು. ಎರಡೂ ಬದಿಯ ಹೊಲಗಳು ಹಿಂದಕ್ಕೆ ಓಡಿದವು. ಇಷ್ಟು ವರ್ಷ ಕಣ್ಣು ಮುಚ್ಚಿ ಕೇಳಿದ ದನಿ ಈಗ ಅವನ ಕಾಲಿನ ಮಾತು ಕೇಳುತ್ತಿತ್ತು. ಅದರಲ್ಲಿ ಒಂದು ದೋಷವೂ ಇರಲಿಲ್ಲ. ಹಿಂದಿನ ಸೀಟು ಇನ್ನೂ ಬಾಗಿದ ಹಾಗೇ ಇದ್ದುದು ಅವನ ಕಣ್ಣಿಗೆ ಬಿತ್ತು. ಖಾತುನಬಿ ಒರಗಿದ ಮೇಲೆ ಅದನ್ನು ಯಾರೂ ಎತ್ತಿರಲಿಲ್ಲ. ಅವಳ ಅಕ್ಕನ ಊರು ಎದುರಿಗೇ ಇತ್ತು. ಅವನ ಕಾಲು ತಾನಾಗಿ ಸಡಿಲಾಯಿತು.

ಊರೊಳಗೆ ಹೋಗದೆ ಹೊಳೆಯ ದಂಡೆಯ ಮೇಲೆ ನಿಲ್ಲಿಸಿದ. ಬೇಸಿಗೆಯ ತುಂಗಭದ್ರೆ ಮರಳಿನ ನಡುವೆ ಸಣ್ಣದಾಗಿ ಹರಿಯುತ್ತಿತ್ತು. ಆಚೆ ದಡದಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಟರ್ಬೊ ತಣಿಯಲೆಂದು ಎಂಜಿನ್ನನ್ನು ಹಾಗೇ ಬಿಟ್ಟು ಕೂತ. ನಾಳೆಯೇ ಕುತುಬುದ್ದೀನನಿಗೆ ಹೇಳಬೇಕು ಎಂದುಕೊಂಡ. ಅಳಿಯ ಕೊಂಡ ಗಾಡಿಯನ್ನು ರಿಪೇರಿ ಮಾಡಿದೆ, ನೀವೇ ತಗೊಳ್ರಿ ಎನ್ನಬೇಕು. ಮರುಕ್ಷಣ, ಇನ್ನೊಂದು ತಿಂಗಳು ತಾನು ಓಡಿಸಿ ಆಮೇಲೆ ಹೇಳಿದರಾಯಿತು ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೇ ಹೇಸಿಕೆಯಾಯಿತು. ಆಗ ಫೋನು ಬಂತು. ಕಸ್ತೂರೆವ್ವ.

"ಅಣ್ಣಾರ, ಊಟ ಆತೇನ್ರಿ?" ಎಂದಳು.

"ಆತು ತಂಗಿ," ಎಂದ. ಆಗಿರಲಿಲ್ಲ.

ಅವಳು ತಣ್ಣನೆಯ ದನಿಯಲ್ಲಿ ಮುಂದುವರಿಸಿದಳು: "ನಿಮಗ ಗೊತ್ತಿಲ್ಲೇನೋ, ಇವರು ಹೋಗೂ ವರ್ಷ ಗಾಡ್ಯಾಗ ಒಂದು ಸಣ್ಣ ಕ್ಯಾಮೆರಾ ಹಾಕಿಸಿದ್ರು. ಎಂಜಿನ್ ಚಾಲೂ ಆದ್ರ ತಾನ ಚಾಲೂ ಆಕ್ಕೈತಂತ. ಹೊರಗಿನ ರಸ್ತಾ ಕಾಣತೈತಿ, ಒಳಗ ಕುಂತವರ ಮಾತು ಕೇಳತೈತಿ. ಮುಂಡರಗಿಯವ್ರಿಗೆ ಗಾಡಿ ಕೊಡೂ ಮೊದಲ ನೇತ್ರಾ ಅದರ ಚಿಪ್ ತಗದಿಟ್ಲು, ಅಪ್ಪನ ದನಿ ಐತಿ ಅಂತ. ದಿನಾ ಸಂಜೀಕ ತುಸು ತುಸು ಕೇಳತೇವ್ರಿ. ಇವರು ಹಾಡೂದು, ನನ್ನ ಬೈಯೂದು, ನಿಮ್ಮನ್ನ ಹೊಗಳೂದು. ಮೊದಲಿಂದ ಸುರು ಮಾಡಿದ್ವಿ, ನಿನ್ನೆ ಕಡೀಕ ಬಂದ್ವಿ. ಇವರು ಹೋದ ಮ್ಯಾಲೆ ಅದರಾಗ ಮೊದಲ ಬರೂದು ನಿಮ್ಮ ದನೀನ ಐತ್ರಿ. ಆ ಹೆಣ್ಣಮಗಳಿಗೆ ಏನೂ ತಿಳಿಯಂಗಿಲ್ಲ ಅಂದೀರಿ. ಖರೇನ ಐತ್ರಿ ಅಣ್ಣಾರ, ತಿಳೀಲಿಲ್ಲ ನಂಗ. ಕುತುಬಸಾಬ್ರನ್ನ ಕರಿಸೇನಿ, ಇಲ್ಲೇ ಕುಂತಾರ. ಅವರೂ ಕೇಳಿದ್ರು." ಫೋನಿನಲ್ಲಿ ಯಾರೋ ಕೆಮ್ಮಿದರು. ಅಂದಾನಪ್ಪ ನಿಧಾನವಾಗಿ ತಲೆಯೆತ್ತಿದ. ಎದುರಿನ ಕನ್ನಡಿಯ ಹಿಂದೆ, ಗಾಜಿಗೆ ಅಂಟಿಕೊಂಡು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಕರಿಯ ಡಬ್ಬಿ ಇತ್ತು. ಪ್ರತಿ ರವಿವಾರವೂ ಅವನು ಅದರ ಕೆಳಗೇ ಕಣ್ಣು ಮುಚ್ಚಿ ಎಂಜಿನ್ ಕೇಳುತ್ತ ಕೂತಿದ್ದ.